ಹಾಕಿಸಿದ ಮಾಲೆ

ಕಲ್ಯಾಣ ಕೋರ್ಟಿನಲ್ಲಿ ಮಧ್ಯಾಹ್ನದ ಹೊತ್ತು. ಸಾಹೇಬರು ಊಟಕ್ಕೆ ಎದ್ದಿದ್ದಾರೆ. ಪಡಸಾಲೆಯ ಬೆಂಚುಗಳ ಮೇಲೆ ಜನ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾರೆ. ಮಾತಾಡುತ್ತಿರುವವರು ಇಬ್ಬರು. ಒಬ್ಬರು ಮೂವತ್ತು ವರ್ಷ ಠಾಣೆ, ಕಲ್ಯಾಣ, ವಾಶಿ ಕೋರ್ಟುಗಳಿಗೆ ಅಲೆದ ವಕೀಲರು. ಇನ್ನೊಬ್ಬರು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿರುವ ಟೀಚರ್. ಟೀಚರ ತಂಗಿಯ ಮಗನ ಜೇಬಿನಲ್ಲಿ ಪೊಲೀಸರಿಗೆ ಒಂದು ಗ್ರಾಮಿನಷ್ಟು ಎಂಡಿ ಸಿಕ್ಕಿತ್ತು. ಹುಡುಗ ಜಾಮೀನಿನ ಮೇಲೆ ಹೊರಗಿದ್ದಾನೆ, ಈಗ ಕೆಳಗೆ ಚಹಾ ತರಲು ಹೋಗಿದ್ದಾನೆ. ವಕೀಲರ ತೊಡೆಯ ಮೇಲೆ ಟೈಪ್ ಮಾಡಿಸಿದ ಅರ್ಜಿ ಇದೆ. ಅದರಲ್ಲೊಂದು ಸಾಲು ಖಾಲಿ.

— ಆ ಖಾಲಿ ಬಿಟ್ಟ ಕಡೆ ಏನು ಬರಬೇಕು ವಕೀಲರೇ?

— ಹುಡುಗನನ್ನು ಎಲ್ಲಿ ಸೇರಿಸುತ್ತೀರಿ ಎನ್ನುವುದು ಬರಬೇಕು, ಟೀಚರ್. ಉಳಿದದ್ದೆಲ್ಲ ಆಗಿದೆ. ಎಂಡಿ, ಅಂದರೆ ಮೆಫೆಡ್ರೋನ್, 2015ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿತು. 2 ಗ್ರಾಮಿನ ತನಕ ಅದು ಅಲ್ಪ ಪ್ರಮಾಣ. 50 ಗ್ರಾಮ್ ದಾಟಿತೋ, ವ್ಯಾಪಾರದ ಪ್ರಮಾಣ; ಅಲ್ಲಿ ಹತ್ತು ವರ್ಷಕ್ಕೆ ಕಡಿಮೆ ಶಿಕ್ಷೆ ಇಲ್ಲ. ನಮ್ಮವನದು ಒಂದು ಗ್ರಾಮ್. ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಉಂಟು. ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ತಿ ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಅರ್ಧಕ್ಕೆ ಬಿಟ್ಟು ಬಂದರೆ ಆ ರಕ್ಷಣೆಯನ್ನು ಕಿತ್ತುಕೊಳ್ಳಬಹುದು.

— ಅಂದರೆ ಕೇಸೇ ಇಲ್ಲವಾಗುತ್ತದಾ?

— ಹೌದು. ನಟ ಫರ್ದೀನ್ ಖಾನ್ 2001ರಲ್ಲಿ ಕೊಕೇನ್ ಕೇಸಿನಲ್ಲಿ ಸಿಕ್ಕಿದ್ದು ನೆನಪಿರಬಹುದು ನಿಮಗೆ. ಕೆಇಎಂ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು, 2012ರಲ್ಲಿ ಮುಂಬೈಯ ಕೋರ್ಟು ಇದೇ ಕಲಮಿನಡಿ ಅವರಿಗೆ ರಕ್ಷಣೆ ಕೊಟ್ಟಿತು. ಹಣ, ಹೆಸರು ಇದ್ದವರಿಗೇ ಹನ್ನೊಂದು ವರ್ಷ ಹಿಡಿಯಿತು. ಆದರೂ ದಾರಿ ಉಂಟು, ನಿಮ್ಮ ಹುಡುಗನಿಗೂ ಉಂಟು.

— ತಂಗಿಯ ಗಂಡ ಒಂದು ಹೆಸರು ಕೊಟ್ಟಿದ್ದಾರಲ್ಲ. ಆಶ್ರಮದ ಹಾಗೆ ನಡೆಸುವ ನಶಾಮುಕ್ತಿ ಕೇಂದ್ರ. ಆರು ತಿಂಗಳು ಇಟ್ಟುಕೊಳ್ಳುತ್ತಾರಂತೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ತಣ್ಣೀರು ಸ್ನಾನ, ಭಜನೆ, ಪ್ರವಚನ, ಸೇವೆ. ಕೊನೆಗೆ ಸರ್ಟಿಫಿಕೇಟ್. ಕೋರ್ಟು ಅದನ್ನು ಒಪ್ಪುತ್ತದೆ ಅಂತ ಅವರೇ ಹೇಳಿದರಂತೆ. ಆಧಾರವಾಡಿ ಜೈಲಿನ ಗೋಡೆ ನೋಡಿಕೊಂಡು ಕೂರುವುದಕ್ಕಿಂತ ದೇವರ ನಾಮ ಹೇಳಿಕೊಂಡಿರುವುದು ಮೇಲಲ್ಲವಾ?

— ಕಳೆದ ಭಾನುವಾರ ನೀವೇ ಹೋಗಿ ನೋಡಿ ಬಂದಿರಲ್ಲ. ನಿಮಗೆ ಹೇಗೆ ಕಂಡಿತು?

— ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನ ತಮ್ಮನ ಮಾತು ಕೇಳಿ. ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದವ, ರಾತ್ರಿ ಹನ್ನೊಂದಕ್ಕೆ ಶಟರ್ ಎಳೆದ ಮೇಲೆ ಕುಡಿಯಲು ಶುರು ಮಾಡಿದರೆ ಬೆಳಗಿನ ಹಾಲಿನ ವ್ಯಾನು ಬರುವ ತನಕ. ಅಮ್ಮ ಹರಕೆ ಹೊತ್ತದ್ದಾಯಿತು, ಹೆಂಡತಿ ತವರಿಗೆ ಹೋದದ್ದಾಯಿತು. ಒಂದು ವರ್ಷ ಕಾರ್ತಿಕದಲ್ಲಿ ಅವನಾಗಿ ಹೋಗಿ ಅಯ್ಯಪ್ಪನ ಮಾಲೆ ಹಾಕಿಸಿಕೊಂಡು ಬಂದ. ನಲವತ್ತೊಂದು ದಿನ ಕಪ್ಪು ಬಟ್ಟೆ, ಬರಿಗಾಲು, ನೆಲದ ಮೇಲೆ ಚಾಪೆ. ಮಲೆ ಹತ್ತಿ ಬಂದು ಮಾಲೆ ತೆಗೆದ ದಿನ ಎಲ್ಲರೂ ಉಸಿರು ಬಿಗಿಹಿಡಿದು ಕಾದೆವು. ಅವನು ಕುಡಿಯಲಿಲ್ಲ. ಹದಿನೇಳು ವರ್ಷವಾಯಿತು. ಡಾಕ್ಟರು ಮಾಡಲಾಗದ್ದನ್ನು ಮಾಲೆ ಮಾಡಿತು ವಕೀಲರೇ. ಅದನ್ನು ಕಣ್ಣಾರೆ ಕಂಡವಳು ನಾನು, ಭಕ್ತಿ ಅಂದರೆ ಹೇಗೆ ಬೇಡ ಅನ್ನಲಿ?

— ಬೇಡ ಅನ್ನಬೇಡಿ. ನಾನೂ ಅನ್ನುವುದಿಲ್ಲ. ನಮ್ಮ ಪಕ್ಕದ ಮರಾಠಿ ಮನೆಗಳಲ್ಲಿ ತುಳಸಿಮಾಲೆ ಹಾಕಿ ಮಾಳಕರಿಯಾದವರು ಸೆರೆ, ಮಾಂಸ ಎರಡನ್ನೂ ಒಂದೇ ದಿನ ಬಿಟ್ಟದ್ದು ಕಂಡಿದ್ದೇನೆ. ಊರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಉಂಟಲ್ಲ, ಎಂಟು ದಿನದ್ದು. ನನ್ನ ದೊಡ್ಡಪ್ಪನ ಮಗ ಅಲ್ಲಿಂದ ಬಂದವ ಇವತ್ತಿಗೂ ನವಜೀವನ ಸಮಿತಿಯ ಸಭೆ ತಪ್ಪಿಸುವುದಿಲ್ಲ. ಒಂದು ಮಾತು ಮಾತ್ರ ಗಮನಿಸಿ. ನಿಮ್ಮ ತಮ್ಮನ ಕೊರಳಿಗೆ ಆ ಮಾಲೆ ಬಿದ್ದದ್ದು ಯಾರ ಆರ್ಡರಿನಿಂದ? ಮೂವತ್ತನೇ ದಿನ ಬೇಡವೆನಿಸಿದ್ದರೆ ತೆಗೆದಿಟ್ಟು ಬಂದುಬಿಡಬಹುದಿತ್ತು. ಗುರುಸ್ವಾಮಿ ಬೇಸರಪಟ್ಟುಕೊಳ್ಳುತ್ತಿದ್ದರು, ಅಷ್ಟೇ. ಜೈಲಿಗೆ ಹಾಕುತ್ತಿರಲಿಲ್ಲ.

— ಅವನಾಗಿ ಅಂದೆ ನಿಜ. ಆದರೆ ಹೆಂಡತಿ ತವರಿಗೆ ಹೋದದ್ದು ಒತ್ತಾಯವಲ್ಲವಾ? ಗಲ್ಲೆಯಿಂದ ಎಬ್ಬಿಸುತ್ತೇನೆ ಅಂತ ಹೋಟೆಲಿನ ಧಣಿ ಹೇಳಿದ್ದು? ತಾನೇ ತಾನಾಗಿ ಬಿಟ್ಟ ಕುಡುಕನನ್ನು ಯಾರು ಕಂಡಿದ್ದಾರೆ? ಹಿಂದೆ ಯಾರೋ ದೂಡಿರಲೇಬೇಕು. ಹೆಂಡತಿಗಿದ್ದ ಹಕ್ಕು ಸರಕಾರಕ್ಕೆ ಯಾಕಿಲ್ಲ?

ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದರು.

— ಅದು ನ್ಯಾಯವಾದ ಪ್ರಶ್ನೆ ಟೀಚರ್. ದೂಡುವುದೇ ತಪ್ಪು ಅಂತ ನಾನೂ ಹೇಳುವುದಿಲ್ಲ. ಜೈಲಿನ ಹೆದರಿಕೆಯಿಂದ ಆಸ್ಪತ್ರೆ ಮೆಟ್ಟಿಲು ಹತ್ತಿದವರು ಉಳಿದುಕೊಂಡದ್ದನ್ನು ನೋಡಿದ್ದೇನೆ. ಹೆಂಡತಿ ದೂಡಿದರೆ ಅವಳು ಜೊತೆಗಿರುತ್ತಾಳೆ, ಅವಳ ದೇವರೂ ಅವನ ದೇವರೂ ಒಂದೇ ಗೂಡಿನಲ್ಲಿರುತ್ತಾರೆ. ಸರಕಾರದ ಕೈ ಹಾಗಲ್ಲ. ಅದು ನಿಮ್ಮ ಹುಡುಗನನ್ನೂ ದೂಡುತ್ತದೆ, ಮುಂಬ್ರಾದ ಹುಡುಗನನ್ನೂ ದೂಡುತ್ತದೆ, ಉಲ್ಲಾಸನಗರದ ಸಿಂಧಿ ಹುಡುಗನನ್ನೂ ದೂಡುತ್ತದೆ. ಆ ಕೈಗೆ ವೈದ್ಯರ ಕಡೆಗೆ ದೂಡುವ ಹಕ್ಕುಂಟು. ಒಂದು ದೇವರ ಕಡೆಗೆ ದೂಡುವ ಹಕ್ಕಿಲ್ಲ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮಕ್ಕಿಂತ ಮೊದಲು ಬರುವುದು ಅಂತಃಸಾಕ್ಷಿಯ ಮಾತು. ಎನ್‌ಡಿಪಿಎಸ್ ಕಾಯ್ದೆಯ ಒಳಗೂ ಅದೇ ಎಚ್ಚರ ಉಂಟು. 39ನೇ ಕಲಮಿನ ಪ್ರಕಾರ ತಪ್ಪಿತಸ್ಥ ಅಂತ ತೀರ್ಮಾನವಾದ ವ್ಯಸನಿಯನ್ನೂ ಕೋರ್ಟು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಬಿಡಬಹುದು, ಒಂದು ವರ್ಷದೊಳಗೆ ವರದಿ ತಂದುಕೊಡು ಅನ್ನಬಹುದು. ಆದರೆ ‘ಅವನ ಒಪ್ಪಿಗೆಯಿಂದ’ ಅಂತ ಸ್ಪಷ್ಟವಾಗಿ ಬರೆದಿದೆ. ‘ವೈದ್ಯಕೀಯ ಚಿಕಿತ್ಸೆ’ ಅಂತಲೂ ಬರೆದಿದೆ. ಸರಕಾರದ ಮಾನ್ಯತೆ ಇರುವ ಆಸ್ಪತ್ರೆ ಅಥವಾ ಸಂಸ್ಥೆಯೇ ಆಗಬೇಕು. ಬರೀ ಭಜನೆ ಆ ಮಾತಿನೊಳಗೆ ಬರುವುದಿಲ್ಲ.

— ನಮ್ಮ ಕೋರ್ಟುಗಳು ದೇವರ ವಿಷಯಕ್ಕೆ ಕೈ ಹಾಕುತ್ತವಾ?

— ಒಮ್ಮೊಮ್ಮೆ ಹಾಕಿವೆ. 2019ರಲ್ಲಿ ರಾಂಚಿಯ ಒಂದು ಕೋರ್ಟು ಫೇಸ್‌ಬುಕ್ಕಿನಲ್ಲಿ ಬರೆದ ಹುಡುಗಿಗೆ ಜಾಮೀನು ಕೊಡುವಾಗ ಕುರಾನಿನ ಐದು ಪ್ರತಿ ಹಂಚಬೇಕು ಅಂತ ಷರತ್ತು ಹಾಕಿತು. ಗಲಾಟೆಯಾಯಿತು, ಷರತ್ತು ಹಿಂದಕ್ಕೆ ಹೋಯಿತು. ಒಳ್ಳೆಯ ಉದ್ದೇಶವೇ ಇದ್ದಿರಬಹುದು. ಆದರೂ ಕೋರ್ಟಿನ ಮುದ್ರೆ ಒತ್ತಿದ ಮೇಲೆ ಪವಿತ್ರ ಗ್ರಂಥವೂ ದಂಡದ ರಸೀದಿಯಾಗುತ್ತದೆ. ನಮ್ಮಲ್ಲಿ ವ್ಯಸನದ ಕೇಸುಗಳಲ್ಲಿ ಇದು ಅಷ್ಟು ಬಹಿರಂಗವಾಗಿ ನಡೆಯುವುದಿಲ್ಲ. ಸಾಹೇಬರು ‘ಆ ಮಠಕ್ಕೆ ಹೋಗು’ ಅಂತ ಬರೆಸುವುದಿಲ್ಲ. ಮನೆಯವರು ಒಂದು ಹೆಸರು ತರುತ್ತಾರೆ, ನನ್ನಂಥ ವಕೀಲ ಅದನ್ನು ಅರ್ಜಿಯಲ್ಲಿ ತುಂಬುತ್ತಾನೆ, ಸರಕಾರಿ ವಕೀಲರು ತಲೆಯಾಡಿಸುತ್ತಾರೆ, ಆರ್ಡರ್ ಆಗುತ್ತದೆ. ಸಾಹೇಬರಿಗೆ ಕಾಣುವುದು ಕಾಗದ, ಕೇಂದ್ರವಲ್ಲ. ಅಮೆರಿಕದಲ್ಲಿ ಕೋರ್ಟೇ ನೇರವಾಗಿ ಕಳಿಸುತ್ತದೆ. ಮಿಶಿಗನ್ನಿನ ಫ್ಲಿಂಟ್ ಊರಲ್ಲಿ ಗಾಂಜಾ ಕೇಸಿನ ಒಬ್ಬ ಕ್ಯಾಥೊಲಿಕ್ ಯುವಕನನ್ನು ಡ್ರಗ್ ಕೋರ್ಟು ಪೆಂಟಕೋಸ್ಟಲ್ ಪಂಥದವರ ಕೇಂದ್ರಕ್ಕೆ ಕಳಿಸಿತು. ಹೋದ ಕೂಡಲೇ ಅವನ ಜಪಸರ, ಪ್ರಾರ್ಥನೆಯ ಪುಸ್ತಕ ಕಿತ್ತುಕೊಂಡರು. ನಿನ್ನ ಧರ್ಮ ಮಾಟಮಂತ್ರ ಅಂದರು. ಬೇರೆ ಕಡೆ ಹಾಕಿ ಅಂತ ಕೋರ್ಟಿನಲ್ಲಿ ಬೇಡಿಕೊಂಡರೆ, ಕಾರ್ಯಕ್ರಮ ಮುಗಿಸಲಿಲ್ಲ ಅಂತ ಜೈಲಿಗೆ ಹೋದ. 2008ರಲ್ಲಿ ಫೆಡರಲ್ ಕೋರ್ಟು ಅವನ ಹಕ್ಕಿಗೆ ಧಕ್ಕೆಯಾಗಿದೆ ಅಂದಿತು. ಅಷ್ಟರಲ್ಲಿ ಶಿಕ್ಷೆ ಅನುಭವಿಸಿ ಆಗಿತ್ತು. ಒಕ್ಲಹೋಮಾ ಕಡೆ ಇನ್ನೊಂದು ಕ್ರೈಸ್ತ ಕೇಂದ್ರ. ಕೋರ್ಟು ಕಳಿಸಿದ ಗಂಡಸರು ಕೋಳಿಮಾಂಸದ ಕಾರ್ಖಾನೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದರು. 2017ರಲ್ಲಿ ಪತ್ರಕರ್ತರು ಹೊರಗೆಳೆದರು.

— ಸೇವೆ ಅಂತ ಹೆಸರಿಟ್ಟಿದ್ದರೋ ಏನೋ.

ಟೀಚರ್ ಇದನ್ನು ಬಹಳ ಮೆತ್ತಗೆ ಹೇಳಿದರು. ಆಮೇಲೆ ಪರ್ಸಿನ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಭಾನುವಾರದ ಕಥೆ ಶುರು ಮಾಡಿದರು.

— ರಿಕ್ಷಾ ಬಿಟ್ಟು ಮಣ್ಣುದಾರಿಯಲ್ಲಿ ನಡೆಯಬೇಕು. ಗೇಟಿಗೆ ಒಳಗಿನಿಂದ ಬೀಗ. ಅಂಗಳ ಚೊಕ್ಕಟ, ತುಳಸಿಕಟ್ಟೆ, ಅಗರಬತ್ತಿಯ ವಾಸನೆ. ನನಗೆ ಹಿಡಿಸಿತು ಅಂತಲೇ ಇಟ್ಟುಕೊಳ್ಳಿ. ಸಂಜೆಯ ಆರತಿಯ ಹೊತ್ತಿಗೆ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಎಲ್ಲರ ತಲೆಯೂ ಬೋಳು. ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳ ಸಾಲು ನೋಡಿದವಳು ನಾನು, ಹಾಡುವ ಮಗು ಯಾವುದು, ಬಾಯಿ ಆಡಿಸುವ ಮಗು ಯಾವುದು ಗೊತ್ತಾಗುತ್ತದೆ. ಅಲ್ಲಿ ಎಲ್ಲರೂ ಮೇಲ್ವಿಚಾರಕನ ಮುಖ ನೋಡಿಕೊಂಡೇ ಹಾಡುತ್ತಿದ್ದರು. ನೀರು ಕೇಳಲು ಅಡುಗೆಮನೆ ಕಡೆ ಹೋದೆ. ಇಪ್ಪತ್ತು ದಾಟಿರದ ಹುಡುಗನೊಬ್ಬ ಗೋಣಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಬುಟ್ಟಿ ತುಂಬ ಬೆಳ್ಳುಳ್ಳಿ. ಕೈ ನಡುಗುತ್ತಿತ್ತು, ಸಿಪ್ಪೆ ಹಿಡಿಯಲು ಆಗುತ್ತಿರಲಿಲ್ಲ. ಒಂದೊಂದು ಎಸಳು ಜಾರಿ ಬೀಳುವುದು, ಅವನು ಹೆಕ್ಕುವುದು. ತೋಳಿನ ಮೇಲೆ ದಾರ ಕಟ್ಟಿದ್ದ ಜಾಗದಲ್ಲಿ ಬೆಳ್ಳಗೆ ಗೆರೆ ಬಿದ್ದಿತ್ತು. ಏನು ಕಟ್ಟಿಕೊಂಡಿದ್ದೆ ಮಗಾ ಅಂತ ಹಿಂದಿಯಲ್ಲಿ ಕೇಳಿದೆ. ತಾಯತ ಅಂದ. ಅಮ್ಮ ದರ್ಗಾದಿಂದ ತಂದು ಕಟ್ಟಿದ್ದು, ಇಲ್ಲಿ ಕತ್ತರಿಸಿದರು ಅಂದ. ಕೋರ್ಟಿನ ಕಾಗದ ಉಂಟು, ಅದಕ್ಕೇ ಕೂತಿದ್ದೇನೆ, ಇಲ್ಲದಿದ್ದರೆ ಗೋಡೆ ಹಾರುತ್ತಿದ್ದೆ ಅಂದ.

— ಅವನಿಗೆ ಔಷಧ ಏನಾದರೂ?

— ಕೇಳಿದೆ. ಕಷಾಯ ಕೊಡುತ್ತಾರೆ, ಕೂಗಿದರೆ ಕೋಣೆಗೆ ಹಾಕುತ್ತಾರೆ ಅಂದ. ಡಾಕ್ಟರು ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುತ್ತಾರಂತೆ. ಹೊರಡುವಾಗ ತಂಗಿಯ ಗಂಡ ಹುಂಡಿಗೆ ಐನೂರು ಹಾಕಿದರು. ನನಗೆ ಕೈಮುಗಿಯಲು ಆಗಲಿಲ್ಲ. ಅದೇ ದೇವರು, ನಾನು ದಿನಾ ದೀಪ ಹಚ್ಚುವ ದೇವರು. ಆ ದಿನ ಕೈ ಮೇಲೇಳಲಿಲ್ಲ.

— ಟೀಚರ್, ನೀವು ಹೇಳಿದ ಒಂದೊಂದೂ ಕಾನೂನಿಗೆ ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮನೋಸ್ಥಿತಿಯೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೆ ಬರುತ್ತದೆ. ಅಂದರೆ ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯದ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಒತ್ತಾಯದಿಂದ ತಲೆ ಬೋಳಿಸಬಾರದು ಅಂತ 20ನೇ ಕಲಮಿನಲ್ಲಿ ಬರೆದೇ ಇದೆ. ಒತ್ತಾಯದಿಂದ ದುಡಿಸಬಾರದು, ದುಡಿದರೆ ಕೂಲಿ ಕೊಡಬೇಕು. ಸಂಕೋಲೆ ಹಾಕುವುದು 95ನೇ ಕಲಮಿನಲ್ಲಿ ನಿಷಿದ್ಧ. ಅಂಥ ಮಾತು ಕಾಯ್ದೆಯೊಳಗೆ ಯಾಕೆ ಬರೆಯಬೇಕಾಯಿತು ಯೋಚಿಸಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಪಕ್ಕದ ಒಂದು ಮನೆಗೆ ಬೆಂಕಿ ಬಿತ್ತು. ವಾಸಿಯಾಗಲಿ ಅಂತ ಮನೆಯವರು ಬಿಟ್ಟುಹೋದ ರೋಗಿಗಳು ಸರಪಣಿಯಲ್ಲಿದ್ದರು. ಓಡಲಾಗದೆ 28 ಜನ ಸತ್ತರು. ಹಿಂದೂಗಳೂ ಮುಸ್ಲಿಮರೂ ನಂಬಿ ಬರುವ ದರ್ಗಾ ಅದು. ನಂಬಿಕೆಯಲ್ಲಿ ಕೊರತೆಯಿರಲಿಲ್ಲ, ನೋಡಿಕೊಳ್ಳುವವರಿರಲಿಲ್ಲ.

— ಹಾಗಾದರೆ ದೇವರ ಹೆಸರಿನ ಕೇಂದ್ರಗಳೆಲ್ಲ ಹೀಗೆಯೇ?

— ಇಲ್ಲ, ಇಲ್ಲ. ಹಾಗೆ ಹೇಳಿದರೆ ಪಾಪ ಬರುತ್ತದೆ. ಬಾಂದ್ರಾದ ಮೌಂಟ್ ಕಾರ್ಮೆಲ್ ಚರ್ಚಿನಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಕೃಪಾ ಫೌಂಡೇಶನ್ ಶುರು ಮಾಡಿದರು. ಆ ಫಾದರ್ ಯಾರ ಶಿಷ್ಯರು ಗೊತ್ತಾ? ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯರು. ಕ್ಯಾಥೊಲಿಕ್ ಪಾದ್ರಿ, ಶ್ರೀವೈಷ್ಣವ ಗುರುವಿನಿಂದ ಕಲಿತ ಆಸನಗಳನ್ನು ಕುಡಿತ ಬಿಡುವವರಿಗೆ ಹೇಳಿಕೊಟ್ಟರು. ಜೊತೆಗೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲು. ಎಲ್ಲ ಧರ್ಮದವರಿಗೂ ಅಲ್ಲಿ ಜಾಗ ಉಂಟು. ಇನ್ನೊಂದು ಕಡೆ ಸಾತಾರಾದಲ್ಲಿ ನರೇಂದ್ರ ದಾಭೋಳ್ಕರ್ ‘ಪರಿವರ್ತನ’ ಅಂತ ವ್ಯಸನಮುಕ್ತಿ ಕೇಂದ್ರ ಕಟ್ಟಿದರು. ಮೂಢನಂಬಿಕೆಯ ವಿರುದ್ಧ ಬದುಕು ಸವೆಸಿ 2013ರಲ್ಲಿ ಪುಣೆಯ ರಸ್ತೆಯಲ್ಲಿ ಗುಂಡಿಗೆ ಬಲಿಯಾದವರು. ಪಾದ್ರಿಯೂ ಗೆದ್ದುಕೊಟ್ಟಿದ್ದಾರೆ, ನಾಸ್ತಿಕರೂ ಗೆದ್ದುಕೊಟ್ಟಿದ್ದಾರೆ. ದೇವರಿದ್ದಾನೋ ಇಲ್ಲವೋ ಎನ್ನುವುದು ಕೋರ್ಟು ನೋಡಬೇಕಾದ ವಿಷಯವೇ ಅಲ್ಲ. ನೋಂದಣಿ ಉಂಟಾ, ಮನೋವೈದ್ಯರು ಉಂಟಾ, ಒಳಗಿದ್ದವ ಮನೆಗೆ ಫೋನ್ ಮಾಡಬಹುದಾ, ಪ್ರಾರ್ಥನೆಗೆ ಬರುವುದಿಲ್ಲ ಅಂದವನಿಗೆ ಏನು ಮಾಡುತ್ತಾರೆ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಹನ್ನೆರಡು ಮೆಟ್ಟಿಲಿನಲ್ಲೂ ದೇವರ ಮಾತು ಬರುತ್ತದೆ. ಅದಕ್ಕೇ 1996ರಲ್ಲಿ ಅಮೆರಿಕದ ಒಂದು ಅಪೀಲು ಕೋರ್ಟು, ಕೈದಿಯನ್ನು ಆ ಸಭೆಗೆ ಒತ್ತಾಯದಿಂದ ಕೂರಿಸುವುದು ತಪ್ಪು ಅಂತ ತೀರ್ಪು ಕೊಟ್ಟಿತು. ಸಭೆ ತಪ್ಪಲ್ಲ, ಒತ್ತಾಯ ತಪ್ಪು.

— ನೀವು ಇಷ್ಟೆಲ್ಲ ತಿಳಿದವರು. ಮೊದಲ ದಿನವೇ ತಂಗಿಯ ಗಂಡನಿಗೆ ಬೇಡ ಅನ್ನಬಹುದಿತ್ತಲ್ಲ?

ಅವರು ಅರ್ಜಿಯನ್ನು ಮಡಚಿ ಮತ್ತೆ ಬಿಡಿಸಿದರು.

— ಹಿಂದೆ ಒಬ್ಬ ಹುಡುಗನ ವಿಷಯದಲ್ಲಿ ನಾನು ಬೇಡ ಅನ್ನಲಿಲ್ಲ. ಗರ್ದ್ ಸೇದುತ್ತಿದ್ದ, ಬ್ರೌನ್ ಶುಗರ್. ಮನೆಯವರು ತಂದ ಹೆಸರನ್ನೇ ಅರ್ಜಿಯಲ್ಲಿ ತುಂಬಿದೆ, ಕೇಂದ್ರವನ್ನು ಕಣ್ಣಿನಿಂದ ನೋಡಲಿಲ್ಲ. ಆರು ತಿಂಗಳಾದ ಮೇಲೆ ಸರ್ಟಿಫಿಕೇಟ್ ತಂದುಕೊಟ್ಟ, ಕೇಸು ಮುಗಿಯಿತು, ಅವನಪ್ಪ ನನಗೆ ಪೇಡೆ ಕೊಟ್ಟರು. ಹತ್ತನೇ ದಿನ ಅವನು ಹಳೇ ಅಳತೆಯಲ್ಲೇ ತೆಗೆದುಕೊಂಡ. ಅಷ್ಟು ತಿಂಗಳು ಬಿಟ್ಟಿದ್ದ ಮೈಗೆ ಆ ಅಳತೆ ತಾಳುವುದಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಆ ಚಟಕ್ಕೆ ಬುಪ್ರೆನಾರ್ಫಿನ್‌ನಂಥ ಔಷಧ ಸರಕಾರಿ ಕೇಂದ್ರಗಳಲ್ಲಿ ಸಿಗುತ್ತದೆ, ಅದೂ ಯಾರೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಬಿದ್ದಿದ್ದನಂತೆ, ಚಪ್ಪಲಿ ಕಾಲಲ್ಲೇ ಇತ್ತಂತೆ. ಆ ಪೇಡೆಯ ಡಬ್ಬಿ ಇನ್ನೂ ನನ್ನ ಆಫೀಸಿನಲ್ಲಿದೆ, ಸ್ಟ್ಯಾಂಪು ಹಾಕಿಡುತ್ತೇನೆ. ಕುಡಿತವೂ ಹಾಗೆಯೇ ಟೀಚರ್. ವರ್ಷಗಟ್ಟಲೆ ಕುಡಿದವನಿಗೆ ಒಮ್ಮೆಲೇ ನಿಲ್ಲಿಸಿದರೆ ಮೂರನೇ ದಿನ ಸನ್ನಿ ಹಿಡಿದು ಜೀವ ಹೋಗಬಹುದು. ನಿಮ್ಮ ತಮ್ಮ ಪಾರಾದದ್ದು ಅಯ್ಯಪ್ಪನ ದಯೆಯೇ ಇರಬಹುದು, ಎಲ್ಲರಿಗೂ ಆ ದಯೆ ಸಿಗುವುದಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದ ಹುಡುಗನ ಕೈ ನಡುಕ ಅಂದಿರಲ್ಲ, ನನಗೆ ಕೇಳಲಾಗಲಿಲ್ಲ.

— ಮತ್ತೆ ಜನ ಎಲ್ಲಿಗೆ ಹೋಗಬೇಕು? ಠಾಣೆಯ ಮಾನಸಿಕ ಆಸ್ಪತ್ರೆ ಅಂದರೆ ತಂಗಿ ಅಳಲು ಶುರು ಮಾಡುತ್ತಾಳೆ. ನಮ್ಮಲ್ಲಿ ಠಾಣೆಗೆ ಹೋದ ಅಂದರೆ ಹುಚ್ಚ ಅಂತಲೇ ಅರ್ಥ. ಆಶ್ರಮಕ್ಕೆ ಹೋಗಿದ್ದಾನೆ ಅಂದರೆ ಸೊಸೈಟಿಯ ಜನ ಕೈಮುಗಿಯುತ್ತಾರೆ.

— ಗೊತ್ತು. 1901ರ ಆಸ್ಪತ್ರೆ ಅದು, ಆ ಹೆಸರೂ ಅಷ್ಟೇ ಹಳೆಯದು. ಆಶ್ರಮಗಳು ತುಂಬಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಮಾನದ ಭಯ ಒಂದು, ಜಾಗದ ಕೊರತೆ ಇನ್ನೊಂದು. ಏಮ್ಸ್‌ನವರು ಸರಕಾರಕ್ಕೆ ಮಾಡಿಕೊಟ್ಟ 2019ರ ಸಮೀಕ್ಷೆಯಲ್ಲಿ ಮಾದಕ ವಸ್ತುಗಳ ಚಟಕ್ಕೆ ಬಿದ್ದ 20 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಕಂಡುಬಂತು. ಮದ್ಯದ ಚಟದಲ್ಲಿ 38ಕ್ಕೆ ಒಬ್ಬ. ಉಳಿದವರು ಎಲ್ಲಿಗೆ ಹೋಗುತ್ತಾರೆ? ಬಾಗಿಲು ತೆರೆದ ಕಡೆ ಹೋಗುತ್ತಾರೆ. ಇದು ಸರಕಾರ ಮಾಡಬೇಕಾದ ಕೆಲಸ. ಮಾಡದೆ ಬಿಟ್ಟು, ಬೀಗ ಹಾಕಿಕೊಂಡ ಗೇಟಿನೊಳಕ್ಕೆ ಹುಡುಗರನ್ನು ಕೋರ್ಟಿನ ಕಾಗದ ಕೊಟ್ಟು ಕಳಿಸುವುದು ನನಗೆ ಸಹಿಸಲಾಗದ ಮಾತು. ನಾನಾದರೂ ಇನ್ನು ಮುಂದೆ ನೋಂದಣಿ ಸಂಖ್ಯೆ, ಡಾಕ್ಟರ ಹೆಸರು ಇಲ್ಲದೆ ಈ ಸಾಲು ತುಂಬುವುದಿಲ್ಲ. ಸಾಹೇಬರೂ ಸರ್ಟಿಫಿಕೇಟಿನ ಬದಲು ವೈದ್ಯರ ವರದಿ ಕೇಳಲಿ ಅಂತ ಅರ್ಜಿಯಲ್ಲೇ ಬರೆಯುತ್ತೇನೆ.

— ಆ ಬೆಳ್ಳುಳ್ಳಿ ಸುಲಿಯುತ್ತಿದ್ದ ಹುಡುಗನಿಗೆ?

— ಅವನ ಹೆಸರು ಕೇಳಿಕೊಂಡಿದ್ದೀರಾ?

— ಕೇಳಿದ್ದೇನೆ. ಬರೆದಿಟ್ಟುಕೊಂಡಿದ್ದೇನೆ.

— ಹಾಗಾದರೆ ಅವನ ಕಾಗದ ಯಾವ ಕೋರ್ಟಿನದು ಅಂತ ನಾಳೆ ಹುಡುಕುತ್ತೇನೆ.

ಅಷ್ಟರಲ್ಲಿ ಹುಡುಗ ಮೆಟ್ಟಿಲು ಹತ್ತಿ ಬಂದ. ಎರಡು ಗ್ಲಾಸು ಚಹಾ ತಂದಿದ್ದ, ತನಗೆ ತಂದುಕೊಂಡಿರಲಿಲ್ಲ. ಕಣ್ಣ ಕೆಳಗೆ ಕಪ್ಪು. ಟೀಚರ್ ಪರ್ಸನ್ನು ತೊಡೆಗೆ ಎಳೆದುಕೊಂಡು ಬೆಂಚಿನಲ್ಲಿ ಜಾಗ ಮಾಡಿದರು. ವಕೀಲರು ಅರ್ಜಿಯನ್ನು ಅವನ ಕೈಗೇ ಕೊಟ್ಟರು.

— ಓದು. ಇಲ್ಲಿ ‘ಸ್ವಇಚ್ಛೆಯಿಂದ’ ಅಂತ ಬರೆದಿದೆ. ಅದು ನಿನ್ನ ಇಚ್ಛೆ, ನಿನ್ನಪ್ಪನದಲ್ಲ, ನನ್ನದೂ ಅಲ್ಲ. ಮೊದಲು ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸೋಣ ಅಂತ ನನ್ನ ಅಭಿಪ್ರಾಯ. ಆಮೇಲೆ ನಿನಗೆ ಭಜನೆಗೆ ಹೋಗಬೇಕು ಅನಿಸಿದರೆ ದೊಡ್ಡಮ್ಮ ಕರಕೊಂಡು ಹೋಗುತ್ತಾರೆ. ನಿನಗೆ ಏನಾದರೂ ಕೇಳುವುದುಂಟಾ?

ಹುಡುಗ ಕಾಗದ ನೋಡಿದ. ದೊಡ್ಡಮ್ಮನ ಮುಖ ನೋಡಿದ.

— ಸರ್, ನಂಗೆ ರಾತ್ರಿ ನಿದ್ದೆ ಬರುವುದಿಲ್ಲ. ಯಾರೋ ಬಾಗಿಲ ಹತ್ತಿರ ನಿಂತಿದ್ದಾರೆ ಅಂತ ಅನಿಸ್ತದೆ. ಅದಕ್ಕೆ ಅಲ್ಲಿ ಏನಾದರೂ ಕೊಡ್ತಾರಾ?

— ಎಷ್ಟು ದಿನದಿಂದ ಹೀಗೆ? ಎಂದು ವಕೀಲರು ಪೆನ್ನಿನ ಮುಚ್ಚಳ ತೆಗೆದರು.